ಎತ್ತರ ಜಿಗಿತದಿಂದ ಡೆಕಥ್ಲಾನ್‌ಗೆ: ತೇಜಸ್ವಿನ್ ಶಂಕರ್ ಅವರ ಹಾದಿ ಮತ್ತು ಅಂಕಗಳ ಲೆಕ್ಕ

(ದಾವಣಗೆರೆಯಲ್ಲಿ ದೈಹಿಕ ಶಿಕ್ಷಣ ಶಿಕ್ಷಕರು ಹಾಗೂ ಕಾಲೇಜು ಕ್ರೀಡಾಪಟುಗಳ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ.)

ಈ ಊರಿನವರಿಗೆ ಕುಸ್ತಿಯ ಬಗ್ಗೆ ಹೊಸದಾಗಿ ಹೇಳಬೇಕಾದ್ದೇನೂ ಇಲ್ಲ. ದುಗ್ಗಮ್ಮನ ಜಾತ್ರೆಯ ಕಣದಲ್ಲಿ ಪೈಲ್ವಾನನೊಬ್ಬ ಎದುರಾಳಿಯನ್ನು ಒಮ್ಮೆ ಚಿತ್ ಮಾಡಿದನೆಂದರೆ ಪಂದ್ಯ ಮುಗಿಯಿತು. ಅದಕ್ಕೂ ಮೊದಲು ಯಾರು ಎಷ್ಟು ಹೊತ್ತು ಮೇಲುಗೈ ಸಾಧಿಸಿದ್ದರು ಎಂಬುದನ್ನು ಯಾರೂ ಕೇಳುವುದಿಲ್ಲ. ಡೆಕಥ್ಲಾನ್ ಇದಕ್ಕೆ ತೀರಾ ವಿರುದ್ಧವಾದ ಆಟ. ಅಲ್ಲಿ ಯಾವ ಸ್ಪರ್ಧೆಯಲ್ಲಿ ಗೆದ್ದರೂ ಗೆಲುವು ಖಚಿತವಲ್ಲ, ಯಾವುದರಲ್ಲಿ ಹಿಂದೆ ಬಿದ್ದರೂ ಸೋಲು ಖಚಿತವಲ್ಲ. ಎರಡು ದಿನ, ಹತ್ತು ಸ್ಪರ್ಧೆ, ಪ್ರತಿಯೊಂದರ ಸಾಧನೆಯೂ ಅಂಕವಾಗಿ ಬರವಣಿಗೆಗೆ ಇಳಿಯುತ್ತದೆ, ಕೊನೆಯ ಮೊತ್ತವೇ ತೀರ್ಪು. ಇಂಥ ಆಟದಲ್ಲಿ ಕ್ರೀಡಾಪಟು ತನ್ನ ಅತ್ಯುತ್ತಮ ಸ್ಪರ್ಧೆಯಿಂದ ಹೆಸರು ಗಳಿಸುತ್ತಾನೆ, ಆದರೆ ಪದಕದ ಬಣ್ಣವನ್ನು ನಿರ್ಧರಿಸುವುದು ಅವನ ದುರ್ಬಲ ಸ್ಪರ್ಧೆ ಎಂಬುದು ನನ್ನ ಇಂದಿನ ವಾದ. ಅದನ್ನು ತೋರಿಸಲು ನಾನು ಆರಿಸಿಕೊಂಡಿರುವುದು ಒಲಿಂಪಿಕ್ ಚಾಂಪಿಯನ್ ಒಬ್ಬರನ್ನಲ್ಲ, ನಮ್ಮವರೇ ಆದ ತೇಜಸ್ವಿನ್ ಶಂಕರ್ ಅವರನ್ನು.

ಮೊದಲು ಆಟದ ಕ್ರಮವನ್ನು ಹೇಳಿಬಿಡುತ್ತೇನೆ. ಮೊದಲ ದಿನ 100 ಮೀಟರ್ ಓಟ, ಉದ್ದ ಜಿಗಿತ, ಗುಂಡು ಎಸೆತ, ಎತ್ತರ ಜಿಗಿತ, 400 ಮೀಟರ್ ಓಟ. ಎರಡನೆಯ ದಿನ 110 ಮೀಟರ್ ಹರ್ಡಲ್ಸ್ (ಅಡೆತಡೆ ಓಟ), ಡಿಸ್ಕಸ್ (ಚಕ್ರ ಎಸೆತ), ಪೋಲ್ ವಾಲ್ಟ್ (ಕಂಬ ಊರಿ ಜಿಗಿಯುವುದು), ಜಾವೆಲಿನ್ (ಭರ್ಜಿ ಎಸೆತ), ಕೊನೆಗೆ 1500 ಮೀಟರ್ ಓಟ. ಈ ಕ್ರಮ ಬದಲಾಗುವುದಿಲ್ಲ. ಪ್ರತಿ ಸ್ಪರ್ಧೆಗೂ ಒಂದು ಸೂತ್ರವಿದೆ. ಸ್ಥಾನ ಎಷ್ಟನೆಯದು ಎಂಬುದಕ್ಕೆ ಅಂಕವಿಲ್ಲ, ಎಷ್ಟು ಸೆಕೆಂಡ್, ಎಷ್ಟು ಸೆಂಟಿಮೀಟರ್ ಎಂಬುದಕ್ಕೆ ಮಾತ್ರ ಅಂಕ. 1000 ಅಂಕ ಬೇಕೆಂದರೆ ಉದ್ದ ಜಿಗಿತದಲ್ಲಿ 7.76 ಮೀಟರ್ ಹಾರಬೇಕು, ಗುಂಡನ್ನು 18.40 ಮೀಟರ್ ಎಸೆಯಬೇಕು, ಜಾವೆಲಿನ್ 77.19 ಮೀಟರ್ ಹೋಗಬೇಕು, 1500 ಮೀಟರನ್ನು 3 ನಿಮಿಷ 53.79 ಸೆಕೆಂಡಿನಲ್ಲಿ ಓಡಬೇಕು. ಇವೆಲ್ಲವನ್ನೂ ಒಂದೇ ಮೈಯಿಂದ ಮಾಡಿದವರು ಈವರೆಗೆ ಯಾರೂ ಇಲ್ಲ. ಫ್ರಾನ್ಸಿನ ಕೆವಿನ್ ಮೇಯರ್ 2018ರ ಸೆಪ್ಟೆಂಬರ್‌ನಲ್ಲಿ ತಾಲಾನ್ಸ್ ಎಂಬ ಊರಿನಲ್ಲಿ ಮಾಡಿದ ವಿಶ್ವದಾಖಲೆಯೇ 9126 ಅಂಕ.

ತೇಜಸ್ವಿನ್ ಹುಟ್ಟಿದ್ದು 1998ರ ಡಿಸೆಂಬರ್ 21ರಂದು. ತಮಿಳು ಕುಟುಂಬ, ಬೆಳೆದದ್ದು ದೆಹಲಿಯಲ್ಲಿ. ಶಾಲೆಯಲ್ಲಿ ಅವರ ಕನಸು ವೇಗದ ಬೌಲರ್ ಆಗುವುದಾಗಿತ್ತು, ಎತ್ತರ ಜಿಗಿತದ ಕಡೆಗೆ ತಿರುಗಿಸಿದವರು ಶಾಲೆಯ ದೈಹಿಕ ಶಿಕ್ಷಕರು. ಈ ಸಭೆಯಲ್ಲಿ ಕುಳಿತಿರುವ ಎಷ್ಟೋ ಮೇಷ್ಟ್ರುಗಳು ಇಂಥ ಕೆಲಸವನ್ನು ಸದ್ದಿಲ್ಲದೆ ಮಾಡಿರುತ್ತಾರೆ. ಯಾವ ದಾಖಲೆ ಪುಸ್ತಕದಲ್ಲೂ ಅದು ಸೇರುವುದಿಲ್ಲ. 2015ರಲ್ಲಿ ಸಮೋವಾದ ಆಪಿಯಾದಲ್ಲಿ ನಡೆದ ಕಾಮನ್‌ವೆಲ್ತ್ ಯುವ ಕ್ರೀಡಾಕೂಟದಲ್ಲಿ 2.14 ಮೀಟರ್ ಜಿಗಿದು ಚಿನ್ನ ಗೆದ್ದರು. ಮರುವರ್ಷ ಕೊಯಮತ್ತೂರಿನ ಜೂನಿಯರ್ ರಾಷ್ಟ್ರೀಯ ಕೂಟದಲ್ಲಿ, ಹದಿನೆಂಟು ತುಂಬುವ ಮೊದಲೇ, 2.26 ಮೀಟರ್ ದಾಟಿ ಹಿರಿಯರ ರಾಷ್ಟ್ರೀಯ ದಾಖಲೆಯನ್ನೇ ಮುರಿದರು. ಹಳೆಯ ದಾಖಲೆ ಹರಿಶಂಕರ್ ರಾಯ್ ಅವರ 2.25. ಅಲ್ಲಿಂದ ವಿದ್ಯಾರ್ಥಿವೇತನದ ಮೇಲೆ ಅಮೆರಿಕದ ಕನ್ಸಾಸ್ ಸ್ಟೇಟ್ ವಿಶ್ವವಿದ್ಯಾಲಯಕ್ಕೆ ಹೋದರು. 2018ರಲ್ಲಿ 2.29 ಮೀಟರ್ ಜಿಗಿದು ರಾಷ್ಟ್ರೀಯ ದಾಖಲೆಯನ್ನು ಇನ್ನೂ ಎತ್ತರಿಸಿದರು, ಅದೇ ವರ್ಷವೂ 2022ರಲ್ಲಿಯೂ ಅಮೆರಿಕದ ಅಂತರ ಕಾಲೇಜು ಚಾಂಪಿಯನ್ ಪಟ್ಟ ಗೆದ್ದರು.

ಕನ್ಸಾಸ್‌ನಲ್ಲಿ ಅವರಿಗೆ ಸಿಕ್ಕ ಕೋಚ್ ಕ್ಲಿಫ್ ರೊವೆಲ್ಟೊ. ಎತ್ತರ ಜಿಗಿತಗಾರರನ್ನೂ ಬಹುಸ್ಪರ್ಧೆಯ ಕ್ರೀಡಾಪಟುಗಳನ್ನೂ ಒಂದೇ ಮೈದಾನದಲ್ಲಿ ತಯಾರು ಮಾಡುವುದರಲ್ಲಿ ಹೆಸರಾದವರು ಅವರು. ಒಬ್ಬ ಎತ್ತರ ಜಿಗಿತಗಾರ ಪಕ್ಕದಲ್ಲೇ ಹರ್ಡಲ್ಸ್ ಓಡುವವರನ್ನು, ಗುಂಡು ಎಸೆಯುವವರನ್ನು ದಿನವೂ ನೋಡುತ್ತಿದ್ದರೆ ತಾನೂ ಒಂದು ಕೈ ನೋಡೋಣ ಅನ್ನಿಸುವುದು ಸಹಜ. ನಮ್ಮಲ್ಲಿ ಎತ್ತರ ಜಿಗಿಯುವ ಹುಡುಗ ಗುಂಡು ಮುಟ್ಟಿದರೆ ‘ನಿನ್ನ ಕೆಲಸ ನೀನು ನೋಡಿಕೋ’ ಎನ್ನುವವರೇ ಹೆಚ್ಚು. ಆ ಮಾತಿನಲ್ಲಿ ಅರ್ಧ ಸತ್ಯವಿದೆ ಎಂಬುದನ್ನೂ ಒಪ್ಪಬೇಕು. ಎತ್ತರ ಜಿಗಿಯುವವನಿಗೆ ಮೈ ಹಗುರವಾಗಿರಬೇಕು, 7.26 ಕಿಲೋ ಗುಂಡನ್ನು ದೂರ ತಳ್ಳುವವನಿಗೆ ಮೈಯಲ್ಲಿ ತೂಕವಿರಬೇಕು. 1500 ಮೀಟರ್ ಓಡುವವನಿಗೆ ಆ ತೂಕವೇ ಹೊರೆ. ಡೆಕಥ್ಲಾನ್ ಅಭ್ಯಾಸವೆಂದರೆ ಇವುಗಳ ನಡುವೆ ನಿತ್ಯ ನಡೆಯುವ ರಾಜಿ. ಒಂದನ್ನು ಪೂರ್ತಿ ಗೆಲ್ಲಿಸಲು ಹೋದರೆ ಇನ್ನೊಂದು ಸೊರಗುತ್ತದೆ.

2022 ಅವರ ಪಾಲಿಗೆ ವಿಚಿತ್ರವಾದ ವರ್ಷ. ಬರ್ಮಿಂಗ್‌ಹ್ಯಾಮ್ ಕಾಮನ್‌ವೆಲ್ತ್ ಕ್ರೀಡಾಕೂಟಕ್ಕೆ ಬೇಕಾದ ಅರ್ಹತಾ ಮಟ್ಟವಾದ 2.27 ಮೀಟರನ್ನು ಅವರು ಅಮೆರಿಕದಲ್ಲಿಯೇ ಮುಟ್ಟಿದ್ದರೂ, ಚೆನ್ನೈನ ಅಂತರ ರಾಜ್ಯ ಕೂಟದಲ್ಲಿ ಭಾಗವಹಿಸಲಿಲ್ಲ ಎಂಬ ಕಾರಣಕ್ಕೆ ಮೊದಲ ಪಟ್ಟಿಯಲ್ಲಿ ಅವರ ಹೆಸರು ಇರಲಿಲ್ಲ. ಅವರು ದೆಹಲಿ ಹೈಕೋರ್ಟಿನ ಮೆಟ್ಟಿಲೇರಿದರು. ವಿಚಾರಣೆ, ಪತ್ರ ವ್ಯವಹಾರ, ತಡವಾದ ಪ್ರವೇಶದ ಗೊಂದಲ ಎಲ್ಲ ಮುಗಿದು ಕೊನೆಯ ಗಳಿಗೆಯಲ್ಲಿ ಅನುಮತಿ ಸಿಕ್ಕಿತು. ಆಗಸ್ಟ್ 3ರಂದು 2.22 ಮೀಟರ್ ಜಿಗಿದು ಕಂಚು ಗೆದ್ದರು. ಕಾಮನ್‌ವೆಲ್ತ್ ಕೂಟದ ಎತ್ತರ ಜಿಗಿತದಲ್ಲಿ ಭಾರತಕ್ಕೆ ಬಂದ ಮೊದಲ ಪದಕ ಅದು. ನ್ಯಾಯಾಲಯದ ಕಥೆಯನ್ನು ಪತ್ರಿಕೆಗಳು ಸಾಕಷ್ಟು ಬರೆದಿವೆ, ಹೆಚ್ಚು ಹೇಳುವುದಿಲ್ಲ. ನನಗೆ ಅದಕ್ಕಿಂತ ಕುತೂಹಲಕರವಾಗಿ ಕಾಣುವುದು ಮುಂದಿನ ನಿರ್ಧಾರ: ಎತ್ತರ ಜಿಗಿತದಲ್ಲಿ ಪದಕ ಕೈಯಲ್ಲಿರುವಾಗಲೇ ಅವರು ಡೆಕಥ್ಲಾನನ್ನು ತಮ್ಮ ಮುಖ್ಯ ಸ್ಪರ್ಧೆಯಾಗಿ ಮಾಡಿಕೊಂಡರು. 2023ರ ಜುಲೈನಲ್ಲಿ ಬ್ಯಾಂಕಾಕ್‌ನ ಏಷ್ಯನ್ ಚಾಂಪಿಯನ್‌ಷಿಪ್‌ನಲ್ಲಿ 7527 ಅಂಕದೊಂದಿಗೆ ಕಂಚು ಬಂತು. ಅದೇ ಅಕ್ಟೋಬರ್‌ನಲ್ಲಿ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟ.

ಹಾಂಗ್‌ಝೌನ ಆ ಎರಡು ದಿನಗಳ ಅಂಕಪಟ್ಟಿಯನ್ನು ಸ್ವಲ್ಪ ನಿಧಾನವಾಗಿ ಓದೋಣ, ಏಕೆಂದರೆ ನಾನು ಹೇಳಬೇಕಾದ್ದೆಲ್ಲ ಅದರಲ್ಲೇ ಇದೆ. ಮೊದಲ ದಿನ 100 ಮೀಟರನ್ನು 11.12 ಸೆಕೆಂಡಿನಲ್ಲಿ ಓಡಿದರು, 834 ಅಂಕ. ಉದ್ದ ಜಿಗಿತ 7.37 ಮೀಟರ್, 903 ಅಂಕ. ಗುಂಡು 13.39 ಮೀಟರ್ ಹೋಯಿತು, 691. ಎತ್ತರ ಜಿಗಿತ 2.21 ಮೀಟರ್, 1002. ಹತ್ತರಲ್ಲಿ ಸಾವಿರ ದಾಟಿದ್ದು ಇದೊಂದೇ. 400 ಮೀಟರ್ 49.67 ಸೆಕೆಂಡ್, 830. ಮೊದಲ ದಿನದ ಮೊತ್ತ 4260. ಎರಡನೆಯ ದಿನ ಹರ್ಡಲ್ಸ್ 14.78 ಸೆಕೆಂಡ್, 876 ಅಂಕ, ಅಂದರೆ ಬಹಳ ಒಳ್ಳೆಯ ಆರಂಭ. ಅಲ್ಲಿಂದ ಮುಂದೆ ಡಿಸ್ಕಸ್ 39.28 ಮೀಟರ್, 650. ಪೋಲ್ ವಾಲ್ಟ್ 4.10 ಮೀಟರ್, 645, ಜಾವೆಲಿನ್ 51.17 ಮೀಟರ್, 606. 1500 ಮೀಟರ್ 4 ನಿಮಿಷ 48.32 ಸೆಕೆಂಡ್, 629. ಎರಡನೆಯ ದಿನದ ಮೊತ್ತ 3406, ಒಟ್ಟು 7666. ಬೆಳ್ಳಿ ಪದಕ, ಜೊತೆಗೆ ರಾಷ್ಟ್ರೀಯ ದಾಖಲೆ. ಚಿನ್ನ ಗೆದ್ದ ಚೀನಾದ ಸುನ್ ಚಿಹಾವೊ ಅವರದು 7816. ಅಂತರ 150.

ಈ ದಾಖಲೆ ಎಷ್ಟು ಕೂದಲೆಳೆಯಲ್ಲಿ ಬಂತು ಎಂಬುದನ್ನೂ ನೋಡಬೇಕು. ಅದಕ್ಕೂ ಮೊದಲಿನ ದಾಖಲೆ ಭರತಿಂದರ್ ಸಿಂಗ್ ಅವರು 2011ರಲ್ಲಿ ಗಳಿಸಿದ 7658. ವ್ಯತ್ಯಾಸ ಬರೀ ಎಂಟು ಅಂಕ. 1500 ಮೀಟರಿನಲ್ಲಿ ಆ ವೇಗದ ಹತ್ತಿರ ಒಂದು ಸೆಕೆಂಡಿನ ಬೆಲೆ ಸುಮಾರು ಆರು ಅಂಕ. ಎರಡು ದಿನ ಓಡಿ, ಹಾರಿ, ಎಸೆದು ದಣಿದ ಕಾಲುಗಳು ಕೊನೆಯ ಓಟದಲ್ಲಿ ಒಂದೂವರೆ ಸೆಕೆಂಡ್ ತಡ ಮಾಡಿದ್ದರೆ ಪದಕದ ಬಣ್ಣ ಏನೇ ಇರಲಿ, ದಾಖಲೆ ಮಾತ್ರ ಕೈತಪ್ಪುತ್ತಿತ್ತು.

ಈಗ ಆ 150 ಅಂಕ ಎಲ್ಲಿತ್ತು ಎಂದು ಹುಡುಕೋಣ. ಎತ್ತರ ಜಿಗಿತಗಾರನ ಮನಸ್ಸು ಮೊದಲು ಎತ್ತರ ಜಿಗಿತದ ಕಡೆಗೇ ಹೋಗುತ್ತದೆ. ಹಾಂಗ್‌ಝೌನಲ್ಲಿ ತೇಜಸ್ವಿನ್ ತಮ್ಮ ಜೀವಮಾನದ ಶ್ರೇಷ್ಠ ಸಾಧನೆಯಾದ 2.29 ಮೀಟರನ್ನೇ ಜಿಗಿದಿದ್ದರೆ ಸಿಗುತ್ತಿದ್ದ ಅಂಕ 1081, ಅಂದರೆ 79 ಹೆಚ್ಚು. ಆದರೆ ದೇಶದಲ್ಲಿ ಅವರಿಗಿಂತ ಮೊದಲು ಯಾರೂ ಮುಟ್ಟದಿದ್ದ ಎತ್ತರ ಅದು. ಅದೇ ಪೋಲ್ ವಾಲ್ಟ್‌ನಲ್ಲಿ 4.10ರ ಬದಲು 4.40 ಮೀಟರ್ ದಾಟಿದ್ದರೆ 731 ಅಂಕ, ಅಂದರೆ 86 ಹೆಚ್ಚು, 4.40 ಎಂಬುದು ಡೆಕಥ್ಲಾನ್ ಪಟುಗಳ ಪೈಕಿ ಯಾರೂ ಬೆರಗಾಗಿ ನೋಡುವ ಎತ್ತರವಲ್ಲ. ಜಾವೆಲಿನ್ 60 ಮೀಟರ್ ಹೋಗಿದ್ದರೆ 738 ಅಂಕ, ಅಂದರೆ 132 ಹೆಚ್ಚು. ಇವೆರಡೇ ಸೇರಿ 218. ಒಬ್ಬ ಕ್ರೀಡಾಪಟು ತನ್ನ ಶಿಖರವನ್ನು ಎಂಟು ಸೆಂಟಿಮೀಟರ್ ಎತ್ತರಿಸಲು ವರ್ಷಗಟ್ಟಲೆ ದುಡಿಯಬೇಕು. ತಗ್ಗನ್ನು ತುಂಬಿಸಲು ಬೇಕಾದ ದುಡಿಮೆ ಅದಕ್ಕಿಂತ ಕಡಿಮೆ, ಸಿಗುವ ಅಂಕ ಅದಕ್ಕಿಂತ ಹೆಚ್ಚು.

ಸೂತ್ರದ ಒಳಗುಟ್ಟು ಇಲ್ಲಿ ಸಹಾಯಕ್ಕೆ ಬರುತ್ತದೆ. ಎಸೆತಗಳಲ್ಲಿ ಅಂಕ ಹೆಚ್ಚುಕಡಿಮೆ ಸಮನಾಗಿ ಏರುತ್ತದೆ. ಜಾವೆಲಿನ್‌ನಲ್ಲಿ 50 ಮೀಟರಿನ ಆಸುಪಾಸಿನಲ್ಲಿ ಒಂದು ಮೀಟರಿಗೆ ಸುಮಾರು 15 ಅಂಕ. ಓಟಗಳಲ್ಲಿ ಹಾಗಲ್ಲ, ವೇಗ ಹೆಚ್ಚಿದಂತೆ ಸೆಕೆಂಡಿನ ಪ್ರತಿ ಅಂಶದ ಬೆಲೆಯೂ ಹೆಚ್ಚುತ್ತದೆ. 11.12 ಸೆಕೆಂಡ್ ಓಡುವವರು 11.02ಕ್ಕೆ ಬಂದರೆ 22 ಅಂಕ ಸಿಗುತ್ತದೆ. ಅಷ್ಟೇ ಅಂಕವನ್ನು ಜಾವೆಲಿನ್‌ನಲ್ಲಿ ಒಂದೂವರೆ ಮೀಟರ್ ಹೆಚ್ಚು ಎಸೆದು ಪಡೆಯಬಹುದು. ಹತ್ತನೇ ಒಂದು ಸೆಕೆಂಡ್ ಇಳಿಸುವುದೆಂದರೆ ಏನೆಂದು ಓಟಗಾರರನ್ನು ತಯಾರು ಮಾಡಿದವರಿಗೆ ಗೊತ್ತು. ಒಂದೂವರೆ ಮೀಟರ್ ಎಸೆತ ಅನೇಕ ವೇಳೆ ತಂತ್ರದ ಒಂದು ಸಣ್ಣ ತಿದ್ದುಪಡಿಯಿಂದ, ಕೊನೆಯ ಹೆಜ್ಜೆಯ ಕಾಲನ್ನು ಗಟ್ಟಿಯಾಗಿ ಊರುವುದರಿಂದಲೇ ಬರುತ್ತದೆ.

ಭಾರತಕ್ಕೆ ಏಷ್ಯನ್ ಕ್ರೀಡಾಕೂಟದ ಡೆಕಥ್ಲಾನ್‌ನಲ್ಲಿ ಹಾಂಗ್‌ಝೌಗೂ ಮೊದಲು ಪದಕ ಬಂದದ್ದು 1974ರಲ್ಲಿ, ತೆಹ್ರಾನಿನಲ್ಲಿ. ವಿಜಯ್ ಸಿಂಗ್ ಚೌಹಾಣ್ ಚಿನ್ನ, ಸುರೇಶ್ ಬಾಬು ಕಂಚು. ಸುರೇಶ್ ಬಾಬು ಮುಂದೆ 1978ರ ಬ್ಯಾಂಕಾಕ್ ಕೂಟದಲ್ಲಿ ಉದ್ದ ಜಿಗಿತದ ಚಿನ್ನ ಗೆದ್ದರು. ಅದಕ್ಕೂ ಹಿಂದೆ 1962ರ ಜಕಾರ್ತಾದಲ್ಲಿ ಡೆಕಥ್ಲಾನ್ ಚಿನ್ನ ಗುರುಬಚನ್ ಸಿಂಗ್ ರಾಂಧಾವಾ ಅವರದು. ರಾಂಧಾವಾ 1960ರ ರಾಷ್ಟ್ರೀಯ ಕೂಟದಲ್ಲಿ ಎರಡೇ ದಿನದಲ್ಲಿ ನಾಲ್ಕು ರಾಷ್ಟ್ರೀಯ ದಾಖಲೆಗಳನ್ನು ಮುರಿದರು: ಎತ್ತರ ಜಿಗಿತ, ಜಾವೆಲಿನ್, 110 ಮೀಟರ್ ಹರ್ಡಲ್ಸ್, ಜೊತೆಗೆ ಡೆಕಥ್ಲಾನ್. ಅವರೇ 1964ರ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ರಾಷ್ಟ್ರಧ್ವಜ ಹಿಡಿದು ನಡೆದರು, ಹರ್ಡಲ್ಸ್ ಫೈನಲ್‌ನಲ್ಲಿ ಐದನೆಯವರಾದರು. ಹತ್ತನ್ನೂ ಅಭ್ಯಾಸ ಮಾಡಿದರೆ ಒಂದರಲ್ಲೂ ಮೇಲೆ ಬರಲಾಗದು ಎನ್ನುವವರು ಸುರೇಶ್ ಬಾಬು, ರಾಂಧಾವಾ ಇಬ್ಬರ ಹೆಸರನ್ನು ಎದುರಿಗಿಟ್ಟುಕೊಂಡು ಮಾತಾಡಬೇಕು. ಇನ್ನು 1974ರಿಂದ 2023ರವರೆಗಿನ ನಲವತ್ತೊಂಬತ್ತು ವರ್ಷ ಪದಕವಿಲ್ಲದೆ ಕಳೆದದ್ದಕ್ಕೆ ಪ್ರತಿಭೆಯ ಕೊರತೆ ಕಾರಣವೆಂದು ನಾನು ನಂಬುವುದಿಲ್ಲ. ಚೆನ್ನಾಗಿ ಓಡುವ, ಹಾರುವ ಹುಡುಗನನ್ನು ಹದಿನಾಲ್ಕನೆಯ ವಯಸ್ಸಿಗೇ ಒಂದು ಸ್ಪರ್ಧೆಗೆ ಕಟ್ಟಿಹಾಕುವ ನಮ್ಮ ರೂಢಿಯೇ ದೊಡ್ಡ ಕಾರಣ.

ದುರ್ಬಲ ಸ್ಪರ್ಧೆಯ ಅಪಾಯ ಕಡಿಮೆ ಅಂಕವಷ್ಟೇ ಅಲ್ಲ, ಕೆಲವೊಮ್ಮೆ ಸೊನ್ನೆ. ಅಮೆರಿಕದ ಡ್ಯಾನ್ ಓಬ್ರಿಯನ್ 1991ರ ವಿಶ್ವ ಚಾಂಪಿಯನ್. ಮರುವರ್ಷ ಬಾರ್ಸಿಲೋನಾ ಒಲಿಂಪಿಕ್ಸ್‌ಗೆ ಮುನ್ನ ಶೂ ಕಂಪನಿಯೊಂದು ಅವರನ್ನೂ ಅವರ ಸಹಸ್ಪರ್ಧಿ ಡೇವ್ ಜಾನ್ಸನ್ ಅವರನ್ನೂ ಇಟ್ಟುಕೊಂಡು ದೇಶದ ತುಂಬ ಜಾಹೀರಾತು ಮಾಡಿತ್ತು. ನ್ಯೂ ಆರ್ಲಿಯನ್ಸ್‌ನಲ್ಲಿ ನಡೆದ ಆಯ್ಕೆ ಕೂಟದಲ್ಲಿ ಓಬ್ರಿಯನ್ ಪೋಲ್ ವಾಲ್ಟ್‌ನ ಕೆಳಗಿನ ಎತ್ತರಗಳನ್ನೆಲ್ಲ ಬಿಟ್ಟು ಸುಮಾರು 4.80 ಮೀಟರಿನಿಂದ ಆರಂಭಿಸಿದರು. ಮೂರೂ ಪ್ರಯತ್ನ ವಿಫಲವಾದವು. ಅಂಕ ಸೊನ್ನೆ, ಒಲಿಂಪಿಕ್ ತಂಡದಲ್ಲಿ ಜಾಗವಿಲ್ಲ. ಕಡಿಮೆ ಎತ್ತರದಲ್ಲಿ ಒಮ್ಮೆ ದಾಟಿ ಅಂಕ ಬರೆಸಿಕೊಂಡಿದ್ದರೆ ಮುಗಿಯುತ್ತಿತ್ತು; ಕಸುವು ಉಳಿಸಿಕೊಳ್ಳಲು ಹೋಗಿ ಎಲ್ಲವನ್ನೂ ಕಳೆದುಕೊಂಡರು. ಅದೇ ಸೆಪ್ಟೆಂಬರ್‌ನಲ್ಲಿ ತಾಲಾನ್ಸ್‌ನಲ್ಲಿ 8891 ಅಂಕದೊಂದಿಗೆ ಅವರು ವಿಶ್ವದಾಖಲೆ ಮಾಡಿದ್ದು, 1996ರ ಅಟ್ಲಾಂಟಾದಲ್ಲಿ 8824 ಅಂಕದೊಂದಿಗೆ ಒಲಿಂಪಿಕ್ ಚಿನ್ನ ಗೆದ್ದದ್ದು ಆಮೇಲಿನ ಮಾತು. ಕೆವಿನ್ ಮೇಯರ್ ಕೂಡ 2018ರ ಆಗಸ್ಟ್‌ನಲ್ಲಿ ಬರ್ಲಿನ್‌ನ ಯುರೋಪಿಯನ್ ಚಾಂಪಿಯನ್‌ಷಿಪ್‌ನಲ್ಲಿ ಉದ್ದ ಜಿಗಿತದ ಮೂರೂ ಪ್ರಯತ್ನಗಳಲ್ಲಿ ಫೌಲ್ ಆಗಿ, ಮರುತಿಂಗಳಲ್ಲೇ ಅದೇ ತಾಲಾನ್ಸ್‌ನಲ್ಲಿ 9126 ಗಳಿಸಿದರು. ಆ ಪುಟ್ಟ ಊರಿಗೂ ಡೆಕಥ್ಲಾನ್‌ಗೂ ಏನೋ ಋಣಾನುಬಂಧವಿರಬೇಕು.

ತೇಜಸ್ವಿನ್ ಅವರ ಹಾದಿ ಹಾಂಗ್‌ಝೌಗೆ ಮುಗಿಯಲಿಲ್ಲ. 2025ರಲ್ಲಿ ದಕ್ಷಿಣ ಕೊರಿಯಾದ ಗುಮಿಯಲ್ಲಿ ನಡೆದ ಏಷ್ಯನ್ ಚಾಂಪಿಯನ್‌ಷಿಪ್‌ನಲ್ಲಿ 7618 ಅಂಕದೊಂದಿಗೆ ಬೆಳ್ಳಿ ಗೆದ್ದರು. ಅದೇ ವರ್ಷ ಪೋಲೆಂಡ್‌ನಲ್ಲಿ 7826 ಅಂಕ ಗಳಿಸಿ ತಮ್ಮದೇ ದಾಖಲೆಯನ್ನು 160 ಅಂಕ ಮೇಲಕ್ಕೊಯ್ದರು. ಹಾಂಗ್‌ಝೌನಲ್ಲಿ ಚಿನ್ನ ತಂದುಕೊಟ್ಟ 7816ಕ್ಕಿಂತ ಇದು ಹತ್ತು ಅಂಕ ಹೆಚ್ಚು ಎಂಬುದನ್ನು ಗಮನಿಸಬೇಕು. ಹಾಗೆಂದು ಹಿಗ್ಗಿ ಕೂರುವಂತೆಯೂ ಇಲ್ಲ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ನಾರ್ವೆಯ ಮಾರ್ಕಸ್ ರೂತ್ ಚಿನ್ನ ಗೆದ್ದದ್ದು 8796 ಅಂಕದೊಂದಿಗೆ. ಅಂದರೆ ಒಂದಿಡೀ ಸ್ಪರ್ಧೆಯಲ್ಲಿ ಸಿಗಬಹುದಾದಷ್ಟು ಅಂಕ ನಮಗೂ ಅವರಿಗೂ ನಡುವೆ ಇದೆ. ಏಷ್ಯಾದವರಿಗೆ ಇದು ಎಟುಕದ ಎತ್ತರವೆಂದೂ ಹೇಳಲಾಗದು, ಕಜಕಸ್ತಾನದ ಡಿಮಿಟ್ರಿ ಕಾರ್ಪೊವ್ 2004ರ ಅಥೆನ್ಸ್‌ನಲ್ಲಿ 8725 ಅಂಕ ಗಳಿಸಿ ಒಲಿಂಪಿಕ್ ಕಂಚು ಪಡೆದಿದ್ದಾರೆ.

ಉಪನ್ಯಾಸದ ಬಳಿಕ ಹಿರಿಯ ಶಿಕ್ಷಕರೊಬ್ಬರು ಎದ್ದುನಿಂತು, ‘ಸರ್, ನೀವು ಹೇಳಿದ್ದೆಲ್ಲ ಸರಿ. ನಮ್ಮ ಹಳ್ಳಿ ಶಾಲೆಗಳಲ್ಲಿ ಪೋಲ್ ವಾಲ್ಟ್ ಮ್ಯಾಟ್ ಇರಲಿ, ಕಂಬವನ್ನೇ ಮಕ್ಕಳು ಕಂಡಿಲ್ಲ. ಎಲ್ಲಿಂದ ಶುರು ಮಾಡೋಣ?’ ಎಂದು ಕೇಳಿದರು. ನ್ಯಾಯವಾದ ಪ್ರಶ್ನೆ. ನಾನು ಕೊಟ್ಟ ಉತ್ತರವನ್ನು ಇಲ್ಲಿ ಸ್ವಲ್ಪ ವಿಸ್ತರಿಸಿ ಬರೆಯುತ್ತಿದ್ದೇನೆ.

ಮೊದಲನೆಯದಾಗಿ, ಹೆಣ್ಣುಮಕ್ಕಳಿಂದ ಶುರು ಮಾಡಿ. ಏಳು ಸ್ಪರ್ಧೆಗಳ ಅವರ ಹೆಪ್ಟಥ್ಲಾನ್‌ನಲ್ಲಿ ಪೋಲ್ ವಾಲ್ಟ್ ಇಲ್ಲ. 100 ಮೀಟರ್ ಹರ್ಡಲ್ಸ್, ಎತ್ತರ ಜಿಗಿತ, ಗುಂಡು ಎಸೆತ, 200 ಮೀಟರ್, ಮರುದಿನ ಉದ್ದ ಜಿಗಿತ, ಜಾವೆಲಿನ್, 800 ಮೀಟರ್, ಇಷ್ಟೇ. ಈ ಸ್ಪರ್ಧೆಯಲ್ಲಿ ನಮ್ಮ ನೆಲದ ಹೆಸರುಗಳು ದೂರದವಲ್ಲ. ಧಾರವಾಡ ಜಿಲ್ಲೆಯ ಪಶುಪತಿಹಾಳದಲ್ಲಿ ಹುಟ್ಟಿದ ಜೆ.ಜೆ. ಶೋಭಾ 2002ರ ಬುಸಾನ್ ಮತ್ತು 2006ರ ದೋಹಾ ಏಷ್ಯನ್ ಕೂಟಗಳಲ್ಲಿ ಕಂಚು ಗೆದ್ದವರು; 2004ರ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ ಜಾವೆಲಿನ್ ವೇಳೆ ಕಾಲಿಗೆ ಪೆಟ್ಟಾದರೂ 800 ಮೀಟರನ್ನು ಓಡಿ ಮುಗಿಸಿ ಹನ್ನೊಂದನೆಯ ಸ್ಥಾನ ಪಡೆದರು. ಕೊಡಗಿನ ಪ್ರಮೀಳಾ ಅಯ್ಯಪ್ಪ 2010ರ ಗುವಾಂಗ್‌ಝೌನಲ್ಲಿ ಕಂಚು ಗೆದ್ದರು. 2018ರ ಜಕಾರ್ತಾದಲ್ಲಿ ಬಂಗಾಳದ ಸ್ವಪ್ನಾ ಬರ್ಮನ್ 6026 ಅಂಕದೊಂದಿಗೆ ಚಿನ್ನವನ್ನೇ ತಂದರು.

ಎರಡನೆಯದಾಗಿ, ಗಂಡುಮಕ್ಕಳಿಗೂ ಹತ್ತರಲ್ಲಿ ಒಂಬತ್ತಕ್ಕೆ ನಮ್ಮ ಮೈದಾನ ಸಾಕು. ಹರ್ಡಲ್‌ಗಳನ್ನು ಊರಿನ ಬಡಗಿಯಿಂದ ಮಾಡಿಸಬಹುದು; ಎತ್ತರ ಕಡಿಮೆ ಇರಲಿ, ಮೇಲಿನ ಪಟ್ಟಿ ತಾಗಿದರೆ ಕೆಳಗೆ ಬೀಳುವಂತಿರಲಿ, ಮಕ್ಕಳ ಭಯ ಅದರಿಂದಲೇ ಹೋಗುತ್ತದೆ. ಪೋಲ್ ವಾಲ್ಟ್‌ನ ಮೊದಲ ಪಾಠವನ್ನು, ಅಂದರೆ ಕಂಬ ಹಿಡಿದು ಓಡುವುದು, ಊರುವುದು, ತೂಗಿ ಮುಂದಕ್ಕೆ ಇಳಿಯುವುದು, ಇಷ್ಟನ್ನು ಉದ್ದ ಜಿಗಿತದ ಮರಳಿನ ಗುಂಡಿಯಲ್ಲಿಯೇ, ಕಂಬವನ್ನು ಕೆಳಮಟ್ಟದಲ್ಲಿ ಹಿಡಿಸಿ, ಶಿಕ್ಷಕರು ಪಕ್ಕದಲ್ಲೇ ನಿಂತು ಕಲಿಸಲು ಸಾಧ್ಯವಿದೆ. ಅದಕ್ಕಿಂತ ಮೇಲಕ್ಕೆ ಮ್ಯಾಟ್ ಇಲ್ಲದೆ ಹೋಗಬಾರದು. ಕುತ್ತಿಗೆ ಮುರಿದುಕೊಂಡರೆ ಯಾವ ಅಂಕವೂ ಬೇಡ. ಆ ಹಂತ ಬಂದಾಗ ಮಗುವನ್ನು ಕ್ರೀಡಾ ವಸತಿ ನಿಲಯಕ್ಕೋ ಬೆಂಗಳೂರಿಗೋ ಕಳಿಸುವ ಮಾತು ಆಡಬೇಕು, ಅದಕ್ಕೆ ಮುಂಚೆಯಲ್ಲ.

ಕೊನೆಯದಾಗಿ 800 ಮತ್ತು 1500 ಮೀಟರ್ ಓಟಗಳು. ಇವನ್ನು ಬೆಳಗಿನ ತಾಜಾ ಕಾಲುಗಳಲ್ಲಿ ಓಡಿಸಿ ಸಮಯ ಬರೆದಿಟ್ಟರೆ ಸ್ಪರ್ಧೆಯ ದಿನ ಮೋಸ ಹೋಗುತ್ತೀರಿ. ವಾರಕ್ಕೊಮ್ಮೆಯಾದರೂ ಜಿಗಿತ, ಎಸೆತಗಳ ಅಭ್ಯಾಸವೆಲ್ಲ ಮುಗಿದ ಮೇಲೆ, ಸಂಜೆ, ಮಕ್ಕಳು ‘ಇನ್ನು ಸಾಕು ಸರ್’ ಅನ್ನುವ ಹೊತ್ತಿಗೆ ಓಡಿಸಿ, ಆ ಸಮಯವನ್ನು ಬರೆದಿಡಿ.